ಥೈಮಿನ್ ಮೂವತ್ತಮೂರು

೧೧ ಫೆಬ್ರವರಿ

ಮಾವ,

ಮೊದಲು ಸುದ್ದಿ, ಆಮೇಲೆ ಗೋಳು.

ಬಾಟಲಿ ತೊಳೆಯುವ ಕೋಣೆಯಿಂದ ನನ್ನನ್ನು ಪ್ರಯೋಗಾಲಯದ ಮೇಲಿನ ಮಹಡಿಗೆ ಕಳಿಸಿದ್ದಾರೆ. ಕಿಟಕಿ ಪಕ್ಕ ಒಂದು ಮೇಜು, ಮೇಜಿನ ಮೇಲೆ ಒಂದು ಕತ್ತರಿ, ಎರಡೂ ನನ್ನವೇ. ಕತ್ತರಿಯನ್ನು ಬೇರೆ ಯಾರೂ ಮುಟ್ಟಬಾರದೆಂದು ಹಿಡಿಗೆ ಕೆಂಪು ದಾರ ಸುತ್ತಿದ್ದೇನೆ. ಹೈಸ್ಕೂಲಿನಲ್ಲಿ ನೀವು ಬೋರ್ಡಿನ ಮೇಲೆ ಬರೆಯುತ್ತಿದ್ದ ಡಿಎನ್‌ಎ ಈಗ ದಿನಾ ನನ್ನ ಕೈಯಲ್ಲಿರುತ್ತದೆ. ನೋಡಲು ಬರೀ ಲೋಳೆ. ಅಮ್ಮ ಕಂಡರೆ ಕೈ ತೊಳೆದುಕೊಂಡು ಬಾ ಅಂದಾಳು.

ಚರಂಡಿ ನೀರಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದು ಬದುಕುವ ಒಂದು ವೈರಸ್ ಸಿಕ್ಕಿದೆ. ಬಹಳ ಪುಟ್ಟದು. ಅದರ ಡಿಎನ್‌ಎಯನ್ನು ಆಮ್ಲದಲ್ಲಿ ಕಾಯಿಸಿ ಒಡೆದು, ಆ ರಸದ ಒಂದು ಹನಿಯನ್ನು ಉದ್ದನೆಯ ಕಾಗದದ ತುದಿಗಿಟ್ಟು, ಕಾಗದವನ್ನು ಗಾಜಿನ ತೊಟ್ಟಿಯೊಳಗೆ ನೇತುಹಾಕುತ್ತೇನೆ. ದ್ರಾವಣ ಕಾಗದದಲ್ಲಿ ಹರಿಯುತ್ತಾ ಡಿಎನ್‌ಎಯನ್ನು ಕಟ್ಟಿರುವ ನಾಲ್ಕು ಬೇಸ್‌ಗಳನ್ನೂ ಒಂದೊಂದು ಜಾಗಕ್ಕೆ ಎಳೆದುಕೊಂಡು ಹೋಗುತ್ತದೆ. ನೇರಳಾತೀತ ದೀಪದ ಕೆಳಗೆ ನಾಲ್ಕು ಕಪ್ಪು ಕಲೆಗಳು ಕಾಣುತ್ತವೆ. ಅವಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಕತ್ತರಿಸಿ, ನೆನೆಹಾಕಿ, ಆ ನೀರನ್ನು ಯಂತ್ರದಲ್ಲಿಟ್ಟು ಯಾವುದು ಎಷ್ಟಿದೆ ಎಂದು ಓದುತ್ತೇನೆ. ದ್ರಾವಣದ ವಾಸನೆ ಬಟ್ಟೆಗೆ ಹತ್ತಿಕೊಂಡು, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ರಾಣಿಯ ಹಾಗೆ ಕಾಲು ಚಾಚಿ ಕೂರುತ್ತೇನೆ.

ಇನ್ನು ಗೋಳು. ದಶಮಾಂಶ ಬಿಟ್ಟು ಬರೆಯುತ್ತೇನೆ. ನೂರರಲ್ಲಿ ಅಡೆನಿನ್ ೨೫, ಥೈಮಿನ್ ೩೩, ಗ್ವಾನಿನ್ ೨೪, ಸೈಟೋಸಿನ್ ೧೮. ನಿಮ್ಮ ಚಪ್ಪಲಿ ಲೆಕ್ಕದ ಪ್ರಕಾರ ಹೀಗೆ ಬರಲೇಬಾರದು. ಎರಡು ದಿನದಿಂದ ತಲೆ ಚಿಟ್ಟು ಹಿಡಿದಿದೆ. ಮಾರ್ಚ್ ಕೊನೆಗೆ ವರದಿ ಕೊಡಬೇಕು. ಒಪ್ಪಿದರೆ ಕೆಲಸ ಖಾಯಂ, ಇಲ್ಲವಾದರೆ ಮತ್ತೆ ಬಾಟಲಿ. ಎಲ್ಲಿ ಎಡವಿದ್ದೇನೆ, ಹೇಳಿ.

ಕಡ್ಡಿ

*

೧೯ ಫೆಬ್ರವರಿ

ಕಡ್ಡಿಗೆ,

ನಾನು ಚೆನ್ನಾಗಿದ್ದೇನೆ, ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಚರಂಡಿ ಎಂಬಲ್ಲಿಗೆ ಬಂದಾಗ ನಿಮ್ಮಮ್ಮ, "ಇಷ್ಟೆಲ್ಲಾ ಓದ್ಸಿದ್ದು ಚರಂಡಿಗೆ ಕೈ ಹಾಕೋದಕ್ಕಾ?" ಅಂದಳು. ಕಿಟಕಿ, ಮೇಜು ಎಂದ ಮೇಲೆ ಸ್ವಲ್ಪ ತಣ್ಣಗಾದಳು. ಪಕ್ಕದ ಮನೆಗೆ ಹೋಗಿ ಮೇಜಿನ ವಿಷಯ ಮಾತ್ರ ಹೇಳಿ ಬಂದಿದ್ದಾಳೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ವೈರಸ್ಸಿನದೇನೂ ತಪ್ಪಿಲ್ಲ ಮಹಾರಾಯ್ತಿ, ಕೈ ಡೊಂಕು. ನನ್ನ ಪುಸ್ತಕದ ಒಂಬತ್ತನೆಯ ಪಾಠ ಮರೆತೆಯಾ? ಸಭೆ ನಡೆಯುತ್ತಿರುವ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಎಡಗಾಲಿನವು ಎಷ್ಟೋ ಬಲಗಾಲಿನವೂ ಅಷ್ಟೇ. ಒಂದನ್ನು ಎಣಿಸಿದರೆ ಸಾಕು. ಡಿಎನ್‌ಎಯ ಎರಡು ಎಳೆಗಳಲ್ಲೂ ಹಾಗೆಯೇ, ಅಡೆನಿನ್ ಎದುರಿಗೆ ಥೈಮಿನ್ನೇ, ಗ್ವಾನಿನ್ ಎದುರಿಗೆ ಸೈಟೋಸಿನ್ನೇ. ಅಡೆನಿನ್ ೩೦ ಅಂದರೆ ಥೈಮಿನ್ ೩೦. ನೂರರಲ್ಲಿ ಮಿಕ್ಕಿದ್ದು ೪೦, ಅದನ್ನು ಉಳಿದ ಇಬ್ಬರು ಸರಿಪಾಲು ಮಾಡಿಕೊಂಡರೆ ತಲಾ ೨೦. ಒಂದು ಹೇಳು, ಉಳಿದ ಮೂರನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ನಿನ್ನ ಅಡೆನಿನ್ ೨೫ ಎಂದಮೇಲೆ ನಾಲ್ಕೂ ೨೫ ಆಗಬೇಕಿತ್ತು. ಥೈಮಿನ್ ಕಲೆಯ ಜೊತೆ ಬೇರೇನೋ ಸೇರಿಕೊಂಡಿದೆ. ಇಲ್ಲವೇ ಕತ್ತರಿಸುವಾಗ ಧಾರಾಳವಾಗಿ ಕತ್ತರಿಸಿದ್ದೀಯ. ಮತ್ತೊಮ್ಮೆ ಮಾಡು.

ಈ ವಿದ್ಯೆ ನಿನ್ನ ಮೇಲೂ ನಡೆಯುತ್ತದೆ. ಕತ್ತರಿಗೆ ಕೆಂಪು ದಾರ ಎಂದು ಬರೆದೆ. ಅಂದರೆ ಅಲ್ಲಿ ಕತ್ತರಿ ಎತ್ತಿಕೊಂಡು ಹೋಗುವವರು ಯಾರೋ ಇದ್ದಾರೆ, ಅವರ ಜೊತೆ ನೀನು ಜಗಳ ಆಡಿದ್ದೀಯ, ಈಗ ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡುತ್ತೀಯ. ಸರಿಯೋ?

ಪುಸ್ತಕದ ಮೂರನೆಯ ಮುದ್ರಣ ಅಚ್ಚಿಗೆ ಹೋಗಿದೆ. ಈ ಸಲ ಗಟ್ಟಿ ರಟ್ಟು.

ನಿನ್ನ ಮಾವ

*

೬ ಮಾರ್ಚ್

ಮಾವ,

ನೀವು ಚೆನ್ನಾಗಿದ್ದೀರಾ? ಕೇಳಿದೆ ನೋಡಿ.

ಕತ್ತರಿ ಕಳ್ಳಿ ಇರುವುದು ನಿಜ, ಜಗಳ ಆಡಿದ್ದೂ ನಿಜ, ಒಬ್ಬಳೇ ಊಟ ಮಾಡುವುದು ಸುಳ್ಳು. ಜಗಳ ಆಡಿದವಳ ಜೊತೆಗೇ ಕೂತು ಊಟ ಮಾಡುತ್ತೇನೆ. ನೀವು ಕಣ್ಣು ಮುಚ್ಚಿ ಹೇಳಿದ್ದರಲ್ಲಿ ಒಂದು ತಪ್ಪಾಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ನೀವು ಹೇಳಿದಂತೆ ಮತ್ತೆ ಮಾಡಿದೆ. ಹೊಸ ಆಮ್ಲ, ಹೊಸ ಕಾಗದ. ಕಲೆಯನ್ನು ಗೆರೆಗೆ ಸರಿಯಾಗಿ ಕತ್ತರಿಸಿದೆ, ಒಂದು ಎಳೆಯೂ ಆಚೆ ಹೋಗಲಿಲ್ಲ. ಅದೇ ಬಂತು. ಸಾಲದೆಂದು ಕರುವಿನ ಗ್ರಂಥಿಯ ಡಿಎನ್‌ಎ ತಂದು, ಅದೇ ತೊಟ್ಟಿಯಲ್ಲಿ, ಅದೇ ದಿನ, ಪಕ್ಕದಲ್ಲೇ ನೇತುಹಾಕಿ ಅಳೆದೆ. ಅಡೆನಿನ್ ೨೮.೩, ಥೈಮಿನ್ ೨೮.೧, ಗ್ವಾನಿನ್ ೨೧.೭, ಸೈಟೋಸಿನ್ ೨೧.೯. ನಿಮ್ಮ ಚಪ್ಪಲಿಗಳು ಅಚ್ಚುಕಟ್ಟಾಗಿ ಜೋಡಿಯಾದವು. ಅಂದಮೇಲೆ ಕೈ ಡೊಂಕಲ್ಲ. ಕರುವಿಗೆ ನೆಟ್ಟಗಿರುವ ಕೈ ವೈರಸ್ಸಿಗೆ ಹೇಗೆ ಡೊಂಕಾಗುತ್ತದೆ?

ನೇರವಾಗಿ ಕೇಳುತ್ತೇನೆ. ನಿಯಮವೇ ಎಲ್ಲ ಕಡೆಗೂ ಹೊಂದದೆ ಇರಬಹುದಲ್ಲ? ಆ ಸಭೆಗೆ ಒಂದೇ ಕಾಲಿನವರೇ ಬಂದಿದ್ದರೆ ನಿಮ್ಮ ಚಪ್ಪಲಿ ಲೆಕ್ಕ ಏನಾಗುತ್ತದೆ? ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅರ್ಧ ಮಾತ್ರ ತಮಾಷೆ.

ದೊಡ್ಡವರಿಗೆ, ಅಂದರೆ ಇಲ್ಲಿನ ಮುಖ್ಯಸ್ಥರಿಗೆ, ಇನ್ನೂ ತೋರಿಸಿಲ್ಲ. ಮಾತಿಗೊಂದು ಸಲ ಕೆಮ್ಮುವ ಮನುಷ್ಯ. ಕೆಮ್ಮಿನ ಅರ್ಥ ಏನೆಂದು ಯಾರಿಗೂ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಬರೆದುಕೊಡಲೋ ಬೇಡವೋ? ನೀವು ಹೇಳಿದಂತೆ ಮಾಡುತ್ತೇನೆ. ನನಗೆ ಕೇಳಲು ಬೇರೆ ಯಾರೂ ಇಲ್ಲ.

ಕಡ್ಡಿ

*

೧೪ ಮಾರ್ಚ್

ಕಡ್ಡಿಗೆ,

ನಿನ್ನ ಕಾಗದ ತಲುಪಿತು. ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುತ್ತೀ ಎಂದು ನಿನಗೆ ಆ ಹೆಸರಿಟ್ಟವನು ನಾನೇ, ಅನುಭವಿಸಬೇಕಾದವನೂ ನಾನೇ.

ನಿಯಮ ನನ್ನದಲ್ಲ. ದೊಡ್ಡ ದೊಡ್ಡವರು ಗೋಧಿ, ಯೀಸ್ಟು, ಮೀನು, ಮನುಷ್ಯ ಎಲ್ಲವನ್ನೂ ಅಳೆದು ನೋಡಿ ಒಪ್ಪಿದ್ದು. ನಾನು ಅದನ್ನು ಮಕ್ಕಳಿಗೆ ಅರ್ಥವಾಗುವಂತೆ ಬರೆದೆ, ಅಷ್ಟೇ. ನಿನ್ನೊಬ್ಬಳ ತೊಟ್ಟಿಯಲ್ಲಿ ಅದು ಮುರಿದು ಬಿತ್ತು ಎಂದರೆ ಯಾರು ನಂಬುತ್ತಾರೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ಒಂದೇ ಕಾಲಿನವರ ಸಭೆಯ ಮಾತು ನನಗೆ ಹಿಡಿಸಲಿಲ್ಲ. ನಗುವುದಕ್ಕೂ ಒಂದು ಸಮಯ ಇದೆ.

ಹೀಗೆ ಮಾಡು. ೨೫ ಮತ್ತು ೩೩ ಕೂಡಿಸಿ ಅರ್ಧ ಮಾಡಿದರೆ ೨೯. ೨೪ ಮತ್ತು ೧೮ ಕೂಡಿಸಿ ಅರ್ಧ ಮಾಡಿದರೆ ೨೧. ೨೯, ೨೯, ೨೧, ೨೧. ಮೊತ್ತ ನೂರು. ನೋಡು, ಎಷ್ಟು ಚೆನ್ನಾಗಿ ಕೂತಿತು! ಒಂದು ಕಡೆ ಹೆಚ್ಚಿಗೆ ಬಂದದ್ದು ಇನ್ನೊಂದು ಕಡೆ ಕಡಿಮೆಯಾಗಿದೆ, ಅಳತೆಯಲ್ಲಿ ಇದೆಲ್ಲ ಇದ್ದದ್ದೇ. ಸರಾಸರಿ ತೆಗೆಯುವುದು ಸುಳ್ಳಲ್ಲ.

ನಿನ್ನ ಕೆಲಸ ಖಾಯಂ ಆಗಲಿ ಎಂದು ಅಕ್ಕ ದಿನಾ ಅಂಚೆಯವನ ದಾರಿ ಕಾಯುತ್ತಾಳೆ. ಅಧಿಕಪ್ರಸಂಗ ಮಾಡಿ ಕೈಗೆ ಬಂದದ್ದನ್ನು ಕಳೆದುಕೊಳ್ಳಬೇಡ. ಮೊದಲು ಕುರ್ಚಿಯ ಮೇಲೆ ಗಟ್ಟಿಯಾಗಿ ಕೂತುಕೋ, ಆಮೇಲೆ ನಿಯಮ ಮುರಿ.

ನಿನ್ನ ಮಾವ

*

೩ ಏಪ್ರಿಲ್

ಮಾವನವರಿಗೆ,

ನೀವು ಹೇಳಿದಂತೆ ಬರೆದುಕೊಟ್ಟೆ. ವರದಿ ಹೋಯಿತು. ಕೆಲಸ ಖಾಯಂ ಆಗಿದೆ. ಅಮ್ಮನಿಗೆ ತಿಳಿಸಿ.

ಇಲ್ಲಿ ಸೆಖೆ ಶುರುವಾಗಿದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಮಸ್ಕಾರಗಳು.

*

೧೨ ಏಪ್ರಿಲ್

ಕಡ್ಡಿಗೆ,

ಅಕ್ಕನಿಗೆ ಕೋಡು ಮೂಡಿದೆ. ಬೀದಿಯಲ್ಲಿ ಯಾರು ಸಿಕ್ಕಿದರೂ ನಿಲ್ಲಿಸಿ, "ನಮ್ಮ ಹುಡುಗೀದು ಖಾಯಂ ಆಯ್ತು" ಅನ್ನುತ್ತಾಳೆ. ಏನು ಖಾಯಂ ಆಯಿತು ಎಂದು ಹೇಳುವುದಿಲ್ಲ. ಮದುವೆಯೋ ಕಾಯಿಲೆಯೋ ಎಂದು ಜನ ತಲೆ ಕೆರೆದುಕೊಳ್ಳುತ್ತಾರೆ.

ಕಾಗದ ಮಾತ್ರ ಬಹಳ ಗಿಡ್ಡವಾಯಿತು. ಒಂದು ಹೇಳಿದರೆ ಉಳಿದ ಮೂರು ನನಗೆ ಗೊತ್ತಾಗುತ್ತದಲ್ಲ, ಹಾಗಾಗಿ ಬೇಸರವಿಲ್ಲ. ಗಿಡ್ಡ ಕಾಗದ ಅಂದರೆ ಕೈ ತುಂಬ ಕೆಲಸ. ಕೈ ತುಂಬ ಕೆಲಸ ಅಂದರೆ ದೊಡ್ಡವರ ಮೆಚ್ಚುಗೆ. ಮೆಚ್ಚುಗೆ ಅಂದರೆ ಮಾವನಿಗೆ ಬರೆಯಲು ಪುರಸೊತ್ತಿಲ್ಲ! ದೊಡ್ಡ ಮನುಷ್ಯಳಾದೆ, ನಡೆಯಲಿ.

ಮೂರನೆಯ ಮುದ್ರಣ ಬಂತು. ಒಂದು ಪ್ರತಿ ಕಳಿಸಿದ್ದೇನೆ. ಒಂಬತ್ತನೆಯ ಪಾಠದಲ್ಲಿ ಚಪ್ಪಲಿ ರಾಶಿಯ ಚಿತ್ರವನ್ನೂ ಹಾಕಿಸಿದ್ದೇನೆ.

ನಿನ್ನ ಮಾವ

*

೨೧ ಸೆಪ್ಟೆಂಬರ್

ಮಾವನವರಿಗೆ,

ಬಹಳ ದಿನದಿಂದ ಬರೆಯಲಾಗಲಿಲ್ಲ, ಕ್ಷಮಿಸಿ. ಪುಸ್ತಕ ತಲುಪಿತ್ತು. ಚಿತ್ರ ಚೆನ್ನಾಗಿದೆ.

ನಾನು ಆ ಪ್ರಯೋಗಾಲಯ ಬಿಟ್ಟಿದ್ದೇನೆ. ದ್ರಾವಣದ ವಾಸನೆಗೆ ತಲೆನೋವು ಬರುತ್ತಿತ್ತು. ಈಗ ಬಣ್ಣದ ಕಾರ್ಖಾನೆಯಲ್ಲಿದ್ದೇನೆ. ಹೋದ ವಾರದ ಡಬ್ಬಿಯ ಬಣ್ಣಕ್ಕೆ ಈ ವಾರದ ಡಬ್ಬಿಯ ಬಣ್ಣ ಹೊಂದುತ್ತದೆಯೇ ಎಂದು ನೋಡುವ ಕೆಲಸ. ಕೋಣೆ ದೊಡ್ಡದಾಗಿದೆ, ಬೆಳಕು ಚೆನ್ನಾಗಿದೆ. ಹೊಸ ವಿಳಾಸವನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಅಮ್ಮನಿಗೆ ಬೇರೆಯಾಗಿ ಬರೆದಿದ್ದೇನೆ. ನೀವು ಆರೋಗ್ಯ ನೋಡಿಕೊಳ್ಳಿ.

ನಮಸ್ಕಾರಗಳು.

*

೩೦ ಸೆಪ್ಟೆಂಬರ್

ಕಡ್ಡಿಗೆ,

ವಾಸನೆಗೆ ತಲೆನೋವಂತೆ! ಬಸ್ಸಿನಲ್ಲಿ ರಾಣಿಯ ಹಾಗೆ ಕೂರುತ್ತೇನೆ ಎಂದು ಬರೆದವಳು ನೀನೇ ಅಲ್ಲವೇ? ಬಣ್ಣದ ಕಾರ್ಖಾನೆಯಲ್ಲೇನು ಮಲ್ಲಿಗೆ ಘಮಘಮಿಸುತ್ತದೆಯೇ?

ಖಾಯಂ ಕೆಲಸವನ್ನು ಕಾಲಿನಿಂದ ಒದ್ದು ಬಂದಿದ್ದೀಯ. ಎರಡು ಡಬ್ಬಿ ಒಂದೇ ಥರ ಇವೆಯೇ ಎಂದು ನೋಡಲು ನಾನು ನಿನಗೆ ವಿಜ್ಞಾನ ಕಲಿಸಬೇಕಿತ್ತೇ? ಚಿಕ್ಕವಳಿದ್ದಾಗಲೂ ನಿನ್ನದು ಇದೇ ಬುದ್ಧಿ. ಹೊಲಿಗೆ ಕಲಿಯುತ್ತೇನೆ ಎಂದೆ, ಬಿಟ್ಟೆ. ಈಜು ಎಂದೆ, ಬಿಟ್ಟೆ. ಇದಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ತರಗತಿಯಲ್ಲಿ ನಿನ್ನ ಮೇಜಿನ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಆ ಮಕ್ಕಳ ಮುಂದೆ ಏನು ಹೇಳಲಿ?

ಅಕ್ಕನನ್ನು ಕೇಳಿದೆ. "ಅವಳಿಷ್ಟ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯಾ" ಅಂದು ಒಳಗೆ ಹೋದಳು. ತಾಯಿ ಮಗಳು ಇಬ್ಬರೂ ಸರಿಯಾಗಿದ್ದೀರಿ.

ಮಾವ

*

೮ ನವೆಂಬರ್

ಕಡ್ಡಿಗೆ,

ನೀನು ನನಗೆ ಬರೆದು ಎರಡು ವರ್ಷದ ಮೇಲಾಯಿತು. ನೀನು ಅಕ್ಕನಿಗೆ ಬರೆಯುವ ಕಾಗದದ ಕೊನೆಯಲ್ಲಿ ‘ಮಾವನಿಗೆ ನಮಸ್ಕಾರ’ ಎಂದು ಒಂದು ಸಾಲು ಇರುತ್ತದೆ. ಅದನ್ನು ಅಕ್ಕ ತಪ್ಪದೆ ಓದುತ್ತಾಳೆ, ನಾನು ತಪ್ಪದೆ ತಲೆಯಾಡಿಸುತ್ತೇನೆ. ನಾನೂ ಬರೆಯಲಿಲ್ಲ. ನೀನೇ ಮೊದಲು ಬರೆಯಲಿ ಎಂದು ಬಿಗಿದುಕೊಂಡು ಕೂತಿದ್ದೆ.

ಹೋದ ಶನಿವಾರ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದೆ. ನಾಲ್ಕನೆಯ ಮುದ್ರಣಕ್ಕೆ ಏನಾದರೂ ಹೊಸದು ಸಿಗುತ್ತದೆಯೇ ಎಂದು ವಿಜ್ಞಾನ ಪತ್ರಿಕೆಗಳನ್ನು ತಿರುವುತ್ತಿದ್ದಾಗ ಒಂದು ಕೋಷ್ಟಕ ಕಣ್ಣಿಗೆ ಬಿತ್ತು. ಯಾವುದೋ ದೂರ ದೇಶದ ಪ್ರಯೋಗಾಲಯ. ಚರಂಡಿ ನೀರಿನದೇ ಒಂದು ಪುಟ್ಟ ವೈರಸ್. ಅಡೆನಿನ್ ಒಂದು, ಥೈಮಿನ್ ಇನ್ನೊಂದು. ಜೋಡಿಯೇ ಇಲ್ಲ. ಕೆಳಗೆ ವಿವರಣೆ ಇತ್ತು: ಈ ವೈರಸ್ಸಿನ ಡಿಎನ್‌ಎಗೆ ಎರಡು ಎಳೆಗಳಿಲ್ಲ, ಇರುವುದು ಒಂದೇ ಎಳೆ. ಎದುರಿಗೆ ಇನ್ನೊಂದು ಎಳೆಯೇ ಇಲ್ಲದ ಮೇಲೆ ಅಡೆನಿನ್ನಿಗೆ ಥೈಮಿನ್ ಸಮ ಯಾಕಾಗಬೇಕು?

ಒಂದೇ ಕಾಲಿನವರ ಸಭೆ. ನೀನು ಬರೆದದ್ದು ಅದನ್ನೇ.

ಪತ್ರಿಕೆಯನ್ನು ಎರವಲು ಪಡೆದು ನೇರವಾಗಿ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕೋಷ್ಟಕದ ಮೇಲೆ ಬೆರಳಿಟ್ಟು, "ನೋಡು, ನಮ್ಮ ಕಡ್ಡಿ ಇದನ್ನ ಆಗಲೇ ಕಂಡಿದ್ಲು" ಅಂದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತು. ಹೇಳಿದ್ಲು."

"ಏನು ಹೇಳಿದ್ಲು? ಯಾವಾಗ?"

ಆಮೇಲೆ ಅವಳು ಚಾಕು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ವರದಿಯಲ್ಲಿ ಕರುವಿನ ಅಂಕಿಗಳೂ ವೈರಸ್ಸಿನ ಅಂಕಿಗಳೂ ಒಂದೇ ಪುಟದಲ್ಲಿದ್ದವಂತೆ. ಖಾಯಂ ಮಾಡಿ ಎರಡು ತಿಂಗಳಾದ ಮೇಲೆ, ಅದನ್ನು ಅಚ್ಚಿಗೆ ಕಳಿಸುವ ಮೊದಲು ಕೊನೆಯ ಸಲ ನೋಡುತ್ತಾ ದೊಡ್ಡವರು ನಿನ್ನನ್ನು ಕರೆದರಂತೆ. ಕರುವಿನಲ್ಲಿ ೨೮.೩, ೨೮.೧. ವೈರಸ್ಸಿನಲ್ಲಿ ೨೯.೦, ೨೯.೦. "ಅಳೆದದ್ದು ಇಷ್ಟು ಸಮ ಬರೋದಿಲ್ಲಮ್ಮ. ಇದು ಅಳೆದದ್ದಲ್ಲ, ಲೆಕ್ಕ ಮಾಡಿದ್ದು" ಅಂದರಂತೆ. ನೀನು ಒಪ್ಪಿಕೊಂಡೆ. ನಿಜವಾಗಿ ಬಂದದ್ದು ಏನೆಂದು ಹೇಳಿದೆ. ಅವರು ಒಂದು ಸಲ ಕೆಮ್ಮಿ, "ನಿನ್ನ ಕಣ್ಣಿಗೆ ಕಂಡದ್ದನ್ನ ನೀನೇ ನಂಬಲಿಲ್ಲ. ಈಗ ನೀನು ಹೇಳೋದನ್ನ ನಾನು ಹೇಗೆ ನಂಬಲಿ?" ಎಂದು ಕೇಳಿದರಂತೆ. ಕಲೆಗಳನ್ನು ಕತ್ತರಿಸಿ ನೆನೆಹಾಕಿ ಆಗಿತ್ತು, ವೈರಸ್ಸಿನ ಸಂಗ್ರಹವೂ ಬೇಸಿಗೆಗೆ ಕೆಟ್ಟಿತ್ತು. ಮತ್ತೆ ಅಳೆದು ತೋರಿಸೋಣ ಎಂದರೆ ಏನೂ ಉಳಿದಿರಲಿಲ್ಲ. ಕೆಲಸದಿಂದ ತೆಗೆಯಲಿಲ್ಲವಂತೆ, ಮೇಜು ಮಾತ್ರ ಬೇರೆಯವರಿಗೆ ಹೋಗಿ, ನಿನ್ನನ್ನು ಮತ್ತೆ ಬಾಟಲಿಗೆ ಹಾಕಿದರಂತೆ. ಆ ಕತ್ತರಿಯಲ್ಲಿ ಇನ್ನೊಬ್ಬರು ಕತ್ತರಿಸುತ್ತಿರುವಾಗ ಕೆಳಗೆ ಬಾಟಲಿ ತೊಳೆಯಲು ನಿನ್ನಿಂದ ಆಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ಅವಳೇ ಬೇಡ ಅಂದ್ಲು. ಮಾವನ ಪುಸ್ತಕ ಈಗಷ್ಟೇ ಬಂದಿದೆ, ಕೇಳಿದ್ರೆ ಕುಗ್ಗಿ ಹೋಗ್ತಾರೆ ಅಂದ್ಲು."

ಅದನ್ನು ಕೇಳಿದ ಮೇಲೆ ಅಲ್ಲಿ ನಿಲ್ಲಲು ನನಗೆ ಮುಖವಿರಲಿಲ್ಲ. ನಾನು ನಿನಗೆ ತಲೆನೋವಿನ ನೆಪ ಎಂದು ಬರೆದೆ. ಹೊಲಿಗೆ ಬಿಟ್ಟೆ, ಈಜು ಬಿಟ್ಟೆ ಎಂದು ಬರೆದೆ. ಅದನ್ನು ಓದಿಯೂ ನೀನು ಒಂದು ಮಾತು ಆಡಲಿಲ್ಲ.

ಇನ್ನೊಂದು ವಿಷಯವಿದೆ, ಅದು ಅಕ್ಕನಿಗೂ ಗೊತ್ತಿಲ್ಲ. ಕರುವಿನ ಅಂಕಿಗಳಿದ್ದ ನಿನ್ನ ಆ ಕಾಗದ ಓದಿದ ಕ್ಷಣದಲ್ಲೇ ನನ್ನ ವಾದ ಮುಗಿದಿತ್ತು. ಅದೇ ಕೈ, ಅದೇ ತೊಟ್ಟಿ, ಅದೇ ದಿನ. ‘ಗೊತ್ತಿಲ್ಲ, ನೀನು ಕಂಡದ್ದನ್ನು ಬರೆ’ ಎಂದು ಒಂದು ಸಾಲು ಸಾಕಿತ್ತು. ಇಷ್ಟು ವರ್ಷ ಮೇಷ್ಟರಾಗಿದ್ದವನಿಗೆ ಗೊತ್ತಿಲ್ಲ ಎನ್ನುವುದು ಬಾಯಿಗೆ ಬರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸಿದೆ. ಸಿಟ್ಟಿನಲ್ಲಿ ನಿನ್ನ ಎರಡೂ ಕಾಗದಗಳನ್ನು ಅಂದೇ ಹರಿದೂ ಹಾಕಿದೆ. ನೀನು ಕೇಳಿದ್ದು ನನ್ನೊಬ್ಬನನ್ನು. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಅಳತೆಯನ್ನು ಅರ್ಧ ಮಾಡಿಸಿದೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ಕಾಗದವೂ ಅಂಥದ್ದೇ, ಗೊತ್ತು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಧೈರ್ಯವೂ ಇಲ್ಲ. ಆದರೆ ಒಂದು ಸಾಲು ಬರೆ. ಬೈದು ಬರೆದರೂ ಸರಿ. ಆ ‘ನಮಸ್ಕಾರಗಳು’ ಮಾತ್ರ ಬೇಡ.

ಮಾವ

*

೧೭ ಡಿಸೆಂಬರ್

ಕಡ್ಡಿಗೆ,

ಹೋದ ಕಾಗದ ತಲುಪಿತೋ ಇಲ್ಲವೋ. ಅಕ್ಕ ತಲುಪಿದೆ ಅನ್ನುತ್ತಾಳೆ. ನೀನು ಅವಳಿಗೇನು ಬರೆದೆ ಎಂದು ಕೇಳಿದರೆ, "ಸೆಖೆ ಕಮ್ಮಿಯಾಗಿದೆಯಂತೆ" ಅನ್ನುತ್ತಾಳೆ.

ಮೊದಲಾಗಿದ್ದರೆ ಈ ಮೌನದಿಂದ ಉಳಿದ ಮೂರು ಸಂಗತಿಗಳನ್ನು ನಾನೇ ಹೊಂದಿಸಿಕೊಂಡು ಕೂರುತ್ತಿದ್ದೆ. ಕೋಪ, ಬೇಸರ, ಪುರಸೊತ್ತಿಲ್ಲ ಎಂದು ಏನೋ ಒಂದು. ಈಗ ಏನೂ ಹೇಳಲಾರೆ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ನೋಡು, ಆ ಮಾತು ಕಲಿತೆ.

ಕಣ್ಣಿಗೆ ಪೊರೆ ಬಂದಿದೆ. ಬೇಸಿಗೆ ರಜೆಯಲ್ಲಿ ತೆಗೆಸಬೇಕು.

ಮಾವ

*

೨೩ ಜನವರಿ

ಕಡ್ಡಿಗೆ,

ನಾಲ್ಕನೆಯ ಮುದ್ರಣದ ಕರಡು ಬಂದಿದೆ. ಒಂಬತ್ತನೆಯ ಪಾಠವನ್ನು ಪೂರ್ತಿ ತಿದ್ದಿ ಬರೆದಿದ್ದೇನೆ. ಚಪ್ಪಲಿಯ ಚಿತ್ರ ತೆಗೆಯಲಿಲ್ಲ, ಅದರ ಪಕ್ಕದಲ್ಲಿ ಒಂಟಿ ಚಪ್ಪಲಿಗಳ ಇನ್ನೊಂದು ಚಿತ್ರ ಹಾಕಿಸಿದ್ದೇನೆ. ಪಾಠದ ಕೊನೆಯ ಲೆಕ್ಕ ಹೊಸದು. ಆ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ಪುಟ ಕಳೆದುಹೋದರೆ ಎಂದು ಇಲ್ಲಿಯೂ ಬರೆಯುತ್ತೇನೆ.

‘ಒಂದು ವೈರಸ್ಸಿನ ಡಿಎನ್‌ಎಯಲ್ಲಿ ನೂರಕ್ಕೆ ಅಡೆನಿನ್ ೨೫, ಥೈಮಿನ್ ೩೨, ಗ್ವಾನಿನ್ ೨೪, ಸೈಟೋಸಿನ್ ೧೮ ಇವೆ. ಅಳೆದವರು ಎಲ್ಲಿ ತಪ್ಪಿದ್ದಾರೆ?’

ಪುಸ್ತಕದ ಹಿಂದಿನ ಉತ್ತರಗಳ ಪುಟದಲ್ಲಿ: ‘ಅಳೆದವರು ತಪ್ಪಿಲ್ಲ. ಈ ಡಿಎನ್‌ಎಗೆ ಒಂದೇ ಎಳೆ. ಜೋಡಿಯ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ.’

ನಿನ್ನ ಹೆಸರನ್ನು ಹಾಕಲೇ ಎಂದು ಯೋಚಿಸಿದೆ. ಕೇಳದೆ ಹಾಕಲು ಮನಸ್ಸಾಗಲಿಲ್ಲ. ನಿನ್ನನ್ನು ಕೇಳದೆ ಮಾಡಿದ್ದು ಸಾಕು. ಫೆಬ್ರವರಿ ಕೊನೆಗೆ ಅಚ್ಚಿಗೆ ಹೋಗುತ್ತದೆ.

ಮಾವ

*

೨ ಫೆಬ್ರವರಿ

ಮಾವ,

ಪುಟ ತಲುಪಿತು. ನವೆಂಬರಿನ ಕಾಗದವೂ ತಲುಪಿತ್ತು. ನಾಲ್ಕು ಸಲ ಬರೆಯಲು ಕೂತೆ. ಪ್ರತಿ ಸಲವೂ ‘ಪರವಾಗಿಲ್ಲ ಬಿಡಿ ಮಾವ’ ಎಂದು ಶುರುವಾಗುತ್ತಿತ್ತು. ಪರವಾಗಿಲ್ಲ ಎನ್ನುವುದು ಸುಳ್ಳು. ಮತ್ತೊಂದು ಸುಳ್ಳು ಬರೆದು ಕಳಿಸಬಾರದೆಂದು ಬಿಟ್ಟೆ.

ಪರವಾ ಇದೆ. ಆ ಮೇಜು ಈಗಲೂ ಕನಸಿನಲ್ಲಿ ಬರುತ್ತದೆ. ಆ ಪತ್ರಿಕೆಯನ್ನು ನಾನೂ ನೋಡಿದೆ, ನಿಮಗಿಂತ ಮೊದಲೇ. ಕಾರ್ಖಾನೆಯಿಂದ ಬರುವ ದಾರಿಯಲ್ಲಿ ಒಂದು ವಾಚನಾಲಯ ಇದೆ. ಅಲ್ಲೇ ನಿಂತು ಓದಿ, ಹೊರಗೆ ಬಂದು, ಬಸ್ ಬಂದರೂ ಹತ್ತದೆ ನಿಂತಿದ್ದೆ. ಬೇರೆಯವರು ಕಂಡುಹಿಡಿದರು ಎಂದು ಹೊಟ್ಟೆ ಉರಿಯಲಿಲ್ಲ. ನನ್ನ ಅಳತೆ ಸರಿ ಇತ್ತು, ನಾನೇ ಅದರ ಕೈ ಬಿಟ್ಟೆ ಎಂದು ಅಳು ಬಂತು. ಸರಾಸರಿ ತೆಗೆ ಅಂದವರು ನೀವು. ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಈಗಲೂ ಸ್ವಲ್ಪ ಇದೆ. ಆದರೆ ಬರೆದ ಕೈ ನನ್ನದು. ತಪ್ಪು ಎಂದು ಗೊತ್ತಿದ್ದೇ ಬರೆದೆ. ಅಂದಿನಿಂದ ನಿಮಗೆ ಕಾಗದ ಬರೆಯಲು ಕೂತರೆ ನನ್ನ ಹೆಸರು ಬರೆಯಲು ಕೈ ಬರುತ್ತಿರಲಿಲ್ಲ.

ಆ ಪ್ರಯೋಗಾಲಯಕ್ಕೆ ವಾಪಸ್ ಹೋಗಲಾರೆ. ದೊಡ್ಡವರು ಈಗ ಅಲ್ಲಿಲ್ಲ, ಇದ್ದರೂ ಹೋಗುತ್ತಿರಲಿಲ್ಲ. ಇಲ್ಲಿನ ಕೆಲಸವನ್ನು ಡಬ್ಬಿ ನೋಡುವುದು ಅಂದಿರಿ. ಡಬ್ಬಿ ನೋಡುವುದೇ. ಎರಡು ಹಸಿರು ಹೊಂದದೆ ಹೋದರೆ ಹೊಂದಲಿಲ್ಲ ಎಂದೇ ಬರೆಯುತ್ತೇನೆ. ಮೇಲ್ವಿಚಾರಕ ಮುಖ ಗಂಟಿಕ್ಕಿಕೊಂಡು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅನ್ನುತ್ತಾನೆ. ಆಗುವುದಿಲ್ಲ ಅನ್ನುತ್ತೇನೆ. ನನ್ನ ಮೇಲೆ ಅವನಿಗೆ ಬಹಳ ಕೋಪ.

ಹೆಸರು ಹಾಕಬೇಡಿ. ಕಣ್ಣಿನ ಪೊರೆಯನ್ನು ಬೇಸಿಗೆವರೆಗೆ ಇಟ್ಟುಕೊಳ್ಳಬೇಡಿ, ಈಗಲೇ ತೆಗೆಸಿ. ರಜೆ ಹಾಕಿ ಬರುತ್ತೇನೆ. ಆಸ್ಪತ್ರೆಯಲ್ಲಿ ಅಮ್ಮ ಒಬ್ಬಳೇ ಆದರೆ ಡಾಕ್ಟರಿಗೇ ಪಾಠ ಹೇಳುತ್ತಾಳೆ.

ಉತ್ತರದ ಪುಟವನ್ನು ಓದಿದೆ. ‘ಅಳೆದವರು ತಪ್ಪಿಲ್ಲ’ ಎನ್ನುವುದನ್ನು ತಿರುತಿರುಗಿ ಓದಿದೆ. ಅದು ಸರಿ ಇದೆ. ಆದರೆ ಲೆಕ್ಕ ಸರಿ ಇಲ್ಲ. ನೆನಪಿನಿಂದ ಬರೆದು ತಪ್ಪಿದಿರೋ, ಪೊರೆಗಣ್ಣಿಗೆ ಕಾಣಲಿಲ್ಲವೋ, ನಾನು ಬರೆಯಲಿ ಎಂದು ಬೇಕೆಂದೇ ಬಿಟ್ಟಿರೋ, ನಿಮಗೇ ಗೊತ್ತು. ಅದರ ಮೊತ್ತ ನೂರಾಗುವುದಿಲ್ಲ, ಕೂಡಿಸಿ ನೋಡಿ. ಥೈಮಿನ್ ೩೨ ಅಲ್ಲ, ೩೩. ಅಳೆದವಳು ನಾನು. ಅಚ್ಚಿಗೆ ಹೋಗುವ ಮುಂಚೆ ತಿದ್ದಿ.

ಕಡ್ಡಿ